ಕಂಬದ ಮೇಲಿನ ಮನೆ

ಊರಲ್ಲಿ ಮನೆ ಕಟ್ಟಿಸಬೇಕೆಂದು ಪುಣೆ, ಮುಂಬಯಿಯಲ್ಲಿರುವ ನಮ್ಮ ಕಡೆಯವರು ಬರೆಸಿಕೊಂಡು ಬರುವ ನಕ್ಷೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಹೊಸ ನಮೂನೆ ಕಾಣುತ್ತಿದೆ. ಎಂಟೊಂಬತ್ತು ಅಡಿ ಎತ್ತರದ ಕಾಂಕ್ರೀಟು ಕಂಬಗಳು. ಅವುಗಳ ಮೇಲೆ ಬಿಳಿ ಪೆಟ್ಟಿಗೆಯಂಥ ಮನೆ. ಮುಂದೆ ಗಾಜಿನ ರೇಲಿಂಗು ಹಾಕಿದ ಬಾಲ್ಕನಿ. ಕಂಬಗಳ ನಡುವೆ ಒಂದು ಕಾರು, ಸುತ್ತ ಹುಲ್ಲುಹಾಸು, ಹಿಂದೆ ಹೊಳೆ. ಹೊಳೆ ಬಹಳ ಸಾಧುವಾಗಿ ಹರಿಯುತ್ತಿರುತ್ತದೆ. ಚಿತ್ರದಲ್ಲಿ ಒಂದು ದನ ಇರುವುದಿಲ್ಲ, ಒಂದು ಬಣವೆ ಇರುವುದಿಲ್ಲ, ಕಟ್ಟಿಯ ಮೇಲೆ ಕುಳಿತ ಒಬ್ಬ ಮುದುಕಿಯೂ ಇರುವುದಿಲ್ಲ.

ನಾನು ಪುಣೆಯಲ್ಲಿ ಕಟ್ಟಡಗಳ ಕಂಬ, ತೊಲೆ, ಪಾಯದ ಲೆಕ್ಕ ಹಾಕುವ ಕೆಲಸದಲ್ಲಿ ಇರುವುದರಿಂದ ಇಂಥ ನಕ್ಷೆಗಳು 'ಒಂದ್ ಸಲ ನೋಡ್ರಿ ಸಾಹೇಬರ' ಎಂಬ ಮಾತಿನೊಂದಿಗೆ ನನ್ನ ಮೇಜಿಗೆ ಬರುತ್ತವೆ. ಅವರಿಗೆ ಬೇಕಾದದ್ದು ಕಂಬದ ದಪ್ಪ ಸಾಕೋ ಇಲ್ಲವೋ ಎಂಬ ಉತ್ತರ. ಅದನ್ನು ಹೇಳಿ ಕಳಿಸಬಹುದು. ಆದರೆ ಪುಸ್ತಕಕ್ಕೂ ನಾಟಕಕ್ಕೂ ವಿಮರ್ಶೆ ಬರೆಯುವ ನಾವು, ಒಬ್ಬ ಗೌಂಡಿ ಇಪ್ಪತ್ತು ವರ್ಷ ದುಡಿದ ಹಣವನ್ನೆಲ್ಲ ನುಂಗುವ ಒಂದು ಮನೆಯ ನಕ್ಷೆಯನ್ನು ಯಾಕೆ ವಿಮರ್ಶೆ ಮಾಡುವುದಿಲ್ಲ? ಕಥೆ ಕೆಟ್ಟದಾದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಮನೆ ಕೆಟ್ಟದಾದರೆ ಅವ್ವ ಅಪ್ಪ ಅದರೊಳಗೇ ಇರಬೇಕಾಗುತ್ತದೆ.

ಭೀಮಾ ತೀರದ ಮಾತನ್ನೇ ಆಡುತ್ತೇನೆ, ನನಗೆ ಗೊತ್ತಿರುವುದು ಅದು. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ, ಇಂಡಿ ಸೀಮೆಯ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಹೊಕ್ಕಿತು. ಎರಡನೆಯ ಸಲ ಸೀನಾ ನದಿಯೂ ಜೊತೆಗೂಡಿತ್ತು. ಸೀನಾ ಬಂದು ಸೇರುವುದು ಉಜನಿ ಅಣೆಕಟ್ಟಿನ ಕೆಳಗೆ. ಆದ್ದರಿಂದ ಉಜನಿಯ ಬಾಗಿಲು ಎಷ್ಟು ತೆರೆದರು ಎಂದು ಫೋನಿನಲ್ಲಿ ನೋಡಿಕೊಂಡು ಕುಳಿತರೆ ಅರ್ಧ ಸುದ್ದಿ ಮಾತ್ರ ಸಿಗುತ್ತದೆ.

ಪುಣೆಯಲ್ಲಿರುವ ಭೀಮಾ ತೀರದವನಿಗೆ ಒಂದು ವಿಚಿತ್ರ ಅನುಕೂಲ ಉಂಟು. ತನ್ನೂರಿಗೆ ಹೋಗುವ ನೀರು ಮೊದಲು ತನ್ನ ಕಣ್ಣ ಮುಂದೆಯೇ ಹೋಗುತ್ತದೆ. ಖಡಕವಾಸಲಾದಿಂದ ಮುಠಾ ನದಿಗೆ ನೀರು ಬಿಟ್ಟರೆ ಡೆಕ್ಕನ್ ಹತ್ತಿರದ ಭಿಡೆ ಸೇತುವೆ ಮುಳುಗುತ್ತದೆ. ಪುಣೇಕರರು ದಂಡೆಗೆ ನಿಂತು ಫೋಟೋ ತೆಗೆಯುತ್ತಾರೆ. ಅದೇ ನೀರು ಮುಳಾ ಕೂಡಿ, ಭೀಮಾ ಕೂಡಿ, ಸುಮಾರು 117 ಟಿಎಂಸಿ ಹಿಡಿಯುವ ಉಜನಿಗೆ ಸೇರುತ್ತದೆ. ಉಜನಿ ತುಂಬಿದ ಮೇಲೆ ಪಂಢರಪುರ ದಾಟಿ ನಮ್ಮ ಕಡೆ ಬರುತ್ತದೆ. ಸೇತುವೆ ಮುಳುಗಿದ ದಿನ ನಮ್ಮವರೆಲ್ಲ ಊರಿಗೆ ಫೋನು ಹಚ್ಚುತ್ತಾರೆ. 'ಅವ್ವಾ, ಇಲ್ಲಿ ಪೂಲ್ ಮುಳಗ್ಯದ' ಎಂದರೆ ಅವ್ವನಿಗೆ ತಿಳಿಯುತ್ತದೆ.

ಪುಣೆಗೂ ನೆರೆ ಹೊಸದಲ್ಲ. 1961ರ ಜುಲೈ 12ರಂದು ಪಾನಶೇತ ಅಣೆ ಒಡೆದು ಹಳೆ ಪೇಟೆಗಳು ಮುಳುಗಿದ್ದನ್ನು ಇಲ್ಲಿನ ವಯಸ್ಸಾದವರು ಇಂದಿಗೂ ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ನದಿದಂಡೆಗೆ ನೀಲಿ ಗೆರೆ, ಕೆಂಪು ಗೆರೆ ಎಂದು ಎರಡು ಗೆರೆ ಎಳೆಯುತ್ತಾರೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟಕ್ಕೆ ನೀಲಿ, 100 ವರ್ಷಕ್ಕೊಮ್ಮೆ ಬರಬಹುದಾದದ್ದಕ್ಕೆ ಕೆಂಪು. ಬಿಲ್ಡರುಗಳು ಆ ಗೆರೆಗಳನ್ನು ಏನು ಮಾಡುತ್ತಾರೆ ಎಂಬುದು ಬೇರೆ ಮಾತು. ಆದರೆ ಗೆರೆ ಅಂತ ಒಂದು ಇದೆ. ನನ್ನ ಮುಂದೆ ಬರುವ ನಕ್ಷೆಗಳಲ್ಲಿ ಕಂಬದ ಎತ್ತರ ಯಾವ ಗೆರೆಯನ್ನು ನೋಡಿ ಇಟ್ಟದ್ದು ಎಂದು ಕೇಳಿದರೆ ಉತ್ತರ ಇರುವುದಿಲ್ಲ. 'ಕಾರ್ ನಿಲ್ಲಬೇಕಲ್ರೀ, ಅದಕ್ಕ ಒಂಬತ್ತು' ಎನ್ನುತ್ತಾರೆ.

ಈ ಉತ್ತರದಲ್ಲೇ ನಮೂನೆಯ ಹುಟ್ಟು ಇದೆ. ನಮ್ಮ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಸಣ್ಣ ಕಾಂಟ್ರಾಕ್ಟರುಗಳು ಪುಣೆಯಲ್ಲಿ ಮೂವತ್ತು ವರ್ಷಗಳಿಂದ ಕಟ್ಟುತ್ತ ಬಂದದ್ದು ಕೆಳಗೆ ಪಾರ್ಕಿಂಗ್ ಬಿಟ್ಟ ಅಪಾರ್ಟ್‌ಮೆಂಟುಗಳನ್ನು. ಕೈಗೆ ಹತ್ತಿದ ಆ ರೂಪವನ್ನೇ ಊರಿಗೆ ಒಯ್ಯುತ್ತಿದ್ದಾರೆ, ನೆರೆಯ ಹೆಸರು ಅದಕ್ಕೊಂದು ನೆಪವಾಗಿದೆ. ಕೈಗೆ ಬಂದ ವಿದ್ಯೆಯನ್ನು ಊರಿಗೆ ಒಯ್ಯುವುದು ತಪ್ಪೇನಲ್ಲ. ಆದರೆ ಆ ವಿದ್ಯೆಯಲ್ಲೊಂದು ಊನವಿದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಕಟ್ಟಡಗಳಲ್ಲಿ ಬಹಳಷ್ಟು ಕೆಳಗೆ ಬರೀ ಕಂಬ ಬಿಟ್ಟ ಪಾರ್ಕಿಂಗ್ ಇದ್ದಂಥವು. ಮೇಲಿನ ಮಹಡಿಗಳಲ್ಲಿ ಗೋಡೆ ತುಂಬಿ ಬಿಗಿಯಾಗಿರುತ್ತದೆ, ಕೆಳಗಿನದು ಸಡಿಲ. ನೆಲ ಓಲಾಡಿದಾಗ ಎಲ್ಲ ಬಳುಕೂ ಆ ಕೆಳಗಿನ ಕಂಬಗಳಿಗೇ ಬರುತ್ತದೆ. ನಮ್ಮ ಗಡಿಯಾಚೆಗೇ ಇರುವ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆದದ್ದನ್ನು ನಮ್ಮ ಕಡೆಯವರಿಗೆ ನೆನಪು ಮಾಡಿಕೊಡಬೇಕಾಗಿಲ್ಲ.

ಅದಕ್ಕೂ ದಿನನಿತ್ಯದ್ದು ಮಣ್ಣಿನ ಪ್ರಶ್ನೆ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕಾಲು ಹೊಗುವಷ್ಟು ಬಿರಿಯುತ್ತದೆ. ಗೋಡೆಯ ಮನೆಯಾದರೆ ಎಲ್ಲೋ ಒಂದು ಬಿರುಕು ಬಿಟ್ಟು ಸುಮ್ಮನಾಗುತ್ತದೆ. ಕಂಬದ ಮನೆಯಲ್ಲಿ ಒಂದೊಂದು ಕಂಬವೂ ತನ್ನ ಪಾಡಿಗೆ ತಾನು ಏಳುತ್ತದೆ, ಇಳಿಯುತ್ತದೆ. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ಮಣ್ಣಿಗೆಂದೇ ರೂಢಿಗೆ ತಂದ ಒಂದು ಬಗೆಯ ಪಾಯ ಇದೆ. ಭೂಮಿಯಲ್ಲಿ ಕೊಳವೆಯಂತೆ ಕೊರೆದು, ತಳದಲ್ಲಿ ಕಾಂಡದ ಎರಡೂವರೆಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟು ತುಂಬುತ್ತಾರೆ. ಗಜ್ಜರಿ ಬೇರಿನ ತಳಕ್ಕೆ ಈರುಳ್ಳಿ ಕಟ್ಟಿದ ಹಾಗೆ ಎಂದು ನಾನು ಹೇಳುವುದುಂಟು. ಮೂರೂವರೆ ಮೀಟರಿನಷ್ಟು ಕೆಳಗೆ ಹೋದರೆ ಮಣ್ಣಿನ ತೇವ ಹೆಚ್ಚು ಕಡಿಮೆಯಾಗುವುದಿಲ್ಲ, ಗಡ್ಡೆ ಅಲ್ಲಿ ಕಚ್ಚಿಕೊಂಡು ಕೂರುತ್ತದೆ. ಕಂಬಗಳನ್ನು ಬಿಗಿಯುವ ಕೆಳತೊಲೆ ಮಣ್ಣಿಗೆ ತಾಗದ ಹಾಗೆ ಸಂದು ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ತೊಲೆಯನ್ನೇ ಎತ್ತುತ್ತದೆ. ನಾನು ನೋಡಿದ ನಕ್ಷೆಗಳಲ್ಲಿ ಬಾಲ್ಕನಿಗೆ ಮೂರು ಚಿತ್ರ ಇರುತ್ತವೆ. ಪಾಯಕ್ಕೆ 'ಸ್ಥಳ ನೋಡಿ' ಎಂಬ ಒಂದು ಸಾಲು.

ಆಧುನಿಕ ವಾಸ್ತುಶಿಲ್ಪದಲ್ಲಿ ನೆಲ ಬಿಟ್ಟೆದ್ದ ಮನೆ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲೊಂದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿದೆ. ಮೀಸ್ ವಾನ್ ಡೆರ್ ರೋಹ ಎಂಬ ಜರ್ಮನ್ ಮೂಲದ ವಾಸ್ತುಶಿಲ್ಪಿ, ಶಿಕಾಗೋದ ವೈದ್ಯೆ ಈಡಿತ್ ಫಾರ್ನ್ಸ್‌ವರ್ತ್ ಅವರಿಗಾಗಿ ಫಾಕ್ಸ್ ನದಿಯ ದಂಡೆಯಲ್ಲಿ ಕಟ್ಟಿದ ಉಕ್ಕು, ಗಾಜಿನ ಮನೆ ಅದು. 1951ರಲ್ಲಿ ಮುಗಿಯಿತು. ಎಂಟು ಬಿಳಿ ಉಕ್ಕಿನ ಕಂಬ, ನೆಲದಿಂದ ಸುಮಾರು 5 ಅಡಿ 3 ಅಂಗುಲ ಮೇಲೆ ಹಾಸು. ನನ್ನ ಕೆಲಸದವರಿಗೆ ಅದು ಗುಡಿಯಿದ್ದಂತೆ. ಚಿತ್ರಗಳಲ್ಲಿ ನೋಡಿದರೂ ಅಂಥ ಹಗುರ ಇನ್ನೊಂದು ಮನೆಯಲ್ಲಿ ಕಾಣುವುದಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಕಟ್ಟಿ ಮೂರೇ ವರ್ಷಕ್ಕೆ, 1954ರಲ್ಲಿ, ನೀರು ಹಾಸಿನ ಮೇಲೆ ಸುಮಾರು ನಾಲ್ಕು ಅಡಿ ನಿಂತಿತು. 1996ರಲ್ಲಿ ಇನ್ನೂ ಮೇಲೇರಿ ಗಾಜು ಒಡೆಯಿತು. 2008ರಲ್ಲಿ ಮತ್ತೊಮ್ಮೆ ಒಳಗೆ ಹೊಕ್ಕಿತು. ಈಗ ಅದು ವಸ್ತುಸಂಗ್ರಹಾಲಯ. ನೆರೆ ಬಂದಾಗ ಇಡೀ ಮನೆಯನ್ನೇ ಜಾಕಿನಿಂದ ಎತ್ತುವ ಯೋಜನೆಯ ಚರ್ಚೆಯೂ ನಡೆದಿತ್ತು.

ನಮ್ಮವರ ನಕ್ಷೆಯಲ್ಲಿರುವ ಬಿಳಿ ಪೆಟ್ಟಿಗೆ ಆ ಮನೆಯ ದೂರದ ಮೊಮ್ಮಗ. ಅಜ್ಜನ ಚೆಲುವು ಬರಲಿಲ್ಲ, ಅಜ್ಜನ ಕುರುಡು ಮಾತ್ರ ಬಂದಿದೆ. ಅಲ್ಲಿಯ ಹುಳುಕು ಎತ್ತರದ ಲೆಕ್ಕ ತಪ್ಪಿದ್ದಷ್ಟೇ ಎಂದು ನನಗನಿಸುವುದಿಲ್ಲ. ಆ ಮನೆ ವಾರಾಂತ್ಯಕ್ಕೆ ಬರುವ ಒಬ್ಬರ ಮನೆ. ಹೊಳೆ ಅಲ್ಲಿ ನೋಡುವುದಕ್ಕೆ ಇರುವ ವಸ್ತು. ಕೆಳಗಿನ ಖಾಲಿಗೆ ಕೆಲಸವೇ ಇಲ್ಲ, ಅದು ಮನೆ ತೇಲಿದಂತೆ ಕಾಣಲಿ ಎಂದು ಬಿಟ್ಟ ಖಾಲಿ. ನಮ್ಮ ವಲಸೆಗಾರನೂ ಊರಿನ ಮನೆಯನ್ನು ಹೀಗೇ ಕಲ್ಪಿಸಿಕೊಳ್ಳುತ್ತಾನೆ: ಜಾತ್ರೆಗೆ ಎಂಟು ದಿನ, ದೀಪಾವಳಿಗೆ ನಾಲ್ಕು ದಿನ. ಉಳಿದ ಮುನ್ನೂರೈವತ್ತು ದಿನ ಅಲ್ಲಿ ಇರುವವರು ಯಾರು ಎಂಬುದು ನಕ್ಷೆಯಲ್ಲಿ ಬಂದಿಲ್ಲ.

ಅಸ್ಸಾಮಿನ ಮಿಸಿಂಗ್ ಜನರ ಚಾಂಗ್ ಘರ್ ನೋಡಿ. ಬ್ರಹ್ಮಪುತ್ರದ ಮಾಜುಲಿ ದ್ವೀಪದಲ್ಲಿ, ಧೇಮಾಜಿ ಕಡೆ ಬಿದಿರಿನ ಕಾಲುಗಳ ಮೇಲೆ ನಿಂತ ಉದ್ದನೆಯ ಮನೆಗಳು. ಅಲ್ಲಿ ಕೆಳಗಿನ ಜಾಗ ಖಾಲಿ ಅಲ್ಲವೇ ಅಲ್ಲ. ಹಂದಿ, ಕೋಳಿ ಅಲ್ಲಿ. ಮಗ್ಗ ಅಲ್ಲಿ. ಮಧ್ಯಾಹ್ನದ ನೆರಳು ಅಲ್ಲಿ. ಮೇಲೆ ಮನೆಯ ನಟ್ಟನಡುವೆ ಒಲೆ, ಅದರ ಹೊಗೆಗೆ ಬಿದಿರು ಹುಳ ಹತ್ತದೆ ಬಾಳುತ್ತದೆ. ನೀರು ಏರಿದರೆ ಹಾಸನ್ನು ಇನ್ನಷ್ಟು ಮೇಲೆ ಕಟ್ಟಬಹುದು, ದಂಡೆ ಕುಸಿದರೆ ಮನೆ ಬಿಚ್ಚಿ ಒಯ್ಯಬಹುದು. 1950ರ ಆಗಸ್ಟ್ 15ರ ದೊಡ್ಡ ಭೂಕಂಪದ ನಂತರ ಬ್ರಹ್ಮಪುತ್ರದ ತಳವೇ ಹೂಳಿನಿಂದ ಮೇಲೆದ್ದಿತು. ನದಿ ಬದಲಾದರೆ ಮನೆಯೂ ಬದಲಾಗಲು ಬರುತ್ತದೆ, ಬಿದಿರಿಗೆ ಆ ಸೌಕರ್ಯ ಇದೆ. ಒಂಬತ್ತು ಅಡಿಗೆಂದು ಸುರಿದ ಕಾಂಕ್ರೀಟಿಗೆ ಹನ್ನೊಂದು ಅಡಿ ನೀರು ಬಂದರೆ ಹೇಳುವ ಮಾತೇ ಇಲ್ಲ. ಹಾಗೆಂದು ಭೀಮಾ ತೀರದಲ್ಲಿ ಚಾಂಗ್ ಘರ್ ಕಟ್ಟಿರಿ ಎಂದರೆ ಅದೂ ಹುಚ್ಚೇ. ನಮ್ಮಲ್ಲಿ ಆ ಬಿದಿರು ಇಲ್ಲ, ನಮ್ಮ ಏಪ್ರಿಲ್ ಮೇ ಬಿಸಿಲಿಗೆ ತೆಳುಗೋಡೆ ತಡೆಯುವುದಿಲ್ಲ, ಮತ್ತು ನಮ್ಮವು ಎತ್ತು ಎಮ್ಮೆ, ಹಂದಿ ಕೋಳಿಯಲ್ಲ.

ನಮ್ಮ ಹಳೆಯ ಮನೆಗೂ ನೆರೆಯ ಬಗ್ಗೆ ಒಂದು ವಿಚಾರ ಇತ್ತು. ಅದು ಮನೆಯಲ್ಲಿ ಇರಲಿಲ್ಲ, ಊರಿನಲ್ಲಿ ಇತ್ತು. ದಖ್ಖನದ ಊರುಗಳು ಬಹಳಷ್ಟು ಬಿಳಿಮಣ್ಣಿನ ದಿಬ್ಬದ ಮೇಲಿವೆ. ಮರಾಠಿಯಲ್ಲಿ ಊರಿಗೆ ಪಾಂಢರಿ, ಹೊಲಕ್ಕೆ ಕಾಳಿ ಎನ್ನುವುದು ಇದೇ ಬಿಳುಪು ಕಪ್ಪಿನಿಂದ. ತಲೆತಲಾಂತರದಿಂದ ಮಣ್ಣಿನ ಮನೆ ಬಿದ್ದು, ಅದರ ಮೇಲೆ ಮತ್ತೊಂದು ಎದ್ದು, ಊರೇ ಒಂದು ದಿಬ್ಬವಾಗಿದೆ. ಮನೆಯೊಳಗೆ ಬಂದರೆ ಬಾಗಿಲಿಗೆ ದನ ಕಟ್ಟುವ ಜಾಗ, ಗ್ವಾದಲಿ. ಅದಕ್ಕಿಂತ ಎರಡು ಮೂರಡಿ ಎತ್ತರದಲ್ಲಿ ಮನುಷ್ಯರು ಕೂರುವ, ಮಲಗುವ ಪಡಸಾಲಿ. ಒಂದೇ ಮಾಡಿನಡಿ ದನ ಕೆಳಗೆ, ಜನ ಮೇಲೆ. ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಗಿ, ನೀರು ಬಂದರೆ ಹತ್ತಿ ಕೂರಲು ಅದೇ ಕಡೆಯ ಜಾಗ.

ಈ ಮನೆಯ ಕೊರತೆಯನ್ನೂ ಹೇಳಬೇಕು, ಇಲ್ಲದಿದ್ದರೆ ಇದು ದೂರದಲ್ಲಿ ಕುಳಿತು ತವರು ಹೊಗಳಿದಂತಾಗುತ್ತದೆ. ಮಣ್ಣಿನ ಗೋಡೆ ನೀರಲ್ಲಿ ನಿಂತಿರುವಾಗ ಹೇಗೋ ನಿಲ್ಲುತ್ತದೆ, ನೀರು ಇಳಿದ ಮೇಲೆ ನೆಂದ ಭಾರಕ್ಕೆ ಬೀಳುತ್ತದೆ. ಬಹಳ ಮನೆ ಬೀಳುವುದು ಎಲ್ಲರೂ 'ಹೋತು ಬಿಡ್ರಿ ನೀರು' ಎಂದು ಒಳಗೆ ಹೋದಾಗಲೇ. ನೆಲದೊಳಗಿನ ಹಗೇವಿನಲ್ಲಿಟ್ಟ ಜೋಳ ಒಂದು ರಾತ್ರಿಯಲ್ಲಿ ಹಾಳು. ಇನ್ನು ದಿಬ್ಬದ ನೆತ್ತಿಯ ಮೇಲೆ ಗೌಡರ ವಾಡೆ, ಇಳಿಜಾರಿನಲ್ಲಿ ಉಳಿದವರು, ಕಟ್ಟಕಡೆಗೆ ಹಳ್ಳಕ್ಕೆ ಹತ್ತಿದಂತೆ ಕೇರಿ. ಜಾತಿ ಯಾವುದೆಂದು ನೀರಿಗೆ ಗೊತ್ತಿಲ್ಲ ಎನ್ನುತ್ತಾರೆ. ನಮ್ಮೂರ ನೀರಿಗೆ ಗೊತ್ತು, ಅದು ಪ್ರತಿಸಲ ಕೇರಿಯಿಂದಲೇ ಶುರು ಮಾಡುತ್ತದೆ.

ಹೀಗಿರುವಾಗ ನಕ್ಷೆಗಳಲ್ಲೊಂದನ್ನು ಎತ್ತಿಕೊಂಡು ನೋಡೋಣ. ಬರೆಸಿದವನು ನನ್ನ ದೊಡ್ಡಪ್ಪನ ಮೊಮ್ಮಗ, ಹಡಪಸರದಲ್ಲಿ ಟೈಲ್ಸ್ ಕೆಲಸ. 30 ಅಡಿ 40 ಅಡಿ ಜಾಗ, ಹನ್ನೆರಡು ಕಂಬ, ಮೇಲೆ ಎರಡು ಬೆಡ್‌ರೂಮು, ಹಾಲು, ಅಡಿಗೆಮನೆ, ಒಳಗೇ ಸಂಡಾಸು. ಊರಿಗೆ ಹೋದಾಗ ಅದನ್ನು ಅವನ ತಂದೆಗೆ, ಅಂದರೆ ನಮ್ಮ ಅಣ್ಣನಿಗೆ ತೋರಿಸಿದೆ. ಅಣ್ಣ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

'ಚಂದ ಅದ ತಮ್ಮಾ. ದನಾ ಎಲ್ಲಿ ಕಟ್ಟೂದು?'

'ಕೆಳಗ, ಕಂಬದ ನಡುವ.'

'ನೀರ್ ಬಂದ್ರ?'

ನಾನು ಸುಮ್ಮನಿದ್ದೆ. 'ನಾವು ಮ್ಯಾಲ ಕುಂತು ಅವು ಮುಳಗೂದು ನೋಡ್ಬೇಕೇನು?' ಎಂದ ಅಣ್ಣ. ಪಕ್ಕದಲ್ಲಿದ್ದ ವೈನಿ ಇನ್ನೊಂದು ಕೇಳಿದರು. 'ಮೊಣಕಾಲ ನೋವಿಗಿ ಡಾಕ್ಟರ್ ಮೆಟ್ಟಲ ಹತ್ತಬ್ಯಾಡ ಅಂದಾರ. ಕುಳ್ಳು, ನೀರು, ಹಿಟ್ಟಿನ ಡಬ್ಬಿ ದಿನಾ ಮ್ಯಾಲ ಹೊರಾವ್ರು ಯಾರು, ನೀ ಬರ್ತಿ ಏನು?'

ಇದಕ್ಕಿಂತ ಚೊಕ್ಕ ವಿಮರ್ಶೆ ನಾನು ಬರೆಯಲಾರೆ. ನಾನು ಮಾಡಬಹುದಾದದ್ದು ಅದಕ್ಕೆ ಲೆಕ್ಕ ಕೂಡಿಸುವುದು. ಒಂಬತ್ತು ಅಡಿ ಏರಲು ಆರಂಗುಲದ ಮೆಟ್ಟಿಲಾದರೆ ಹದಿನೆಂಟು. ಎಮ್ಮೆ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕೆ ಇಳಿಜಾರು ಬೇಕು, ಆರಡಿಗೆ ಒಂದಡಿ ಏರುವಂತಿದ್ದರೂ 54 ಅಡಿ ಉದ್ದ ಬೇಕು. ಜಾಗದ ಉದ್ದವೇ 40. ಅಂದರೆ ಮನೆಗಿಂತ ದನದ ದಾರಿ ದೊಡ್ಡದು. ಮೇಲೆ ಹತ್ತಿಸಿದರೂ ಅವುಗಳ ಕಣಕಿ ಎಲ್ಲಿ? ದನ ಬಿಟ್ಟು ದೋಣಿ ಹತ್ತಿ ಅಂದರೆ ರೈತ ಯಾಕೆ ಹತ್ತುವುದಿಲ್ಲ ಎಂದು ಟಿವಿಯವರು ಪ್ರತಿ ನೆರೆಯಲ್ಲೂ ಆಶ್ಚರ್ಯಪಡುತ್ತಾರೆ. ಒಂದು ಜೋಡಿ ಎತ್ತಿನ ಬೆಲೆ ಕೇಳಿ ನೋಡಲಿ.

ಇನ್ನೂ ಒಂದು. ಕಂಬದ ಮನೆಯ ಬಲ ಇರುವುದು ನೀರಿಗೆ ದಾರಿ ಬಿಡುವುದರಲ್ಲಿ. ಆದರೆ ಖಾಲಿ ಜಾಗವನ್ನು ಖಾಲಿ ಬಿಡುವ ಜಾಯಮಾನ ನಮ್ಮದಲ್ಲ. ಮೊದಲನೆಯ ವರ್ಷ ಒಂದು ಕಡೆ ಗೋಡೆ, ಗಾಳಿ ಮಳೆಗೆಂದು. ಎರಡನೆಯ ವರ್ಷ ಶಟರ್ ಹಾಕಿ ಕಿರಾಣಿ ಅಂಗಡಿ. ಮೂರನೆಯ ವರ್ಷ ಮಗಳ ಬಾಣಂತನಕ್ಕೆ ಒಂದು ಕೋಣೆ. ಆಮೇಲೆ ನೀರು ಬಂದರೆ ಅದು ಕಂಬದ ಮನೆಯಾಗಿ ಉಳಿದಿರುವುದಿಲ್ಲ, ಹೊಳೆಗೆ ಅಡ್ಡ ಕಟ್ಟಿದ ಒಡ್ಡಾಗಿರುತ್ತದೆ. ಗೋಡೆಯ ಒಂದು ಬದಿಗೆ ಒಂದು ಮೀಟರು ನೀರು ನಿಂತರೆ ಪ್ರತಿ ಮೀಟರು ಉದ್ದಕ್ಕೆ 500 ಕಿಲೋ ಒತ್ತುತ್ತದೆ. ನೀರು ಹರಿಯುತ್ತಿದ್ದರೆ ವೇಗ ದುಪ್ಪಟ್ಟಾದಾಗ ಆ ಹರಿವಿನ ತಳ್ಳುವಿಕೆ ನಾಲ್ಕುಪಟ್ಟು. ಅಮೆರಿಕದ ಪ್ರವಾಹ ವಿಮೆಯ ನಿಯಮದಲ್ಲಿ, ಎತ್ತರಿಸಿದ ಮನೆಯ ಕೆಳಗಿನ ಮುಚ್ಚಿದ ಜಾಗವನ್ನು ವಾಹನ ನಿಲ್ಲಿಸಲು, ಹತ್ತಿ ಇಳಿಯಲು, ಸಾಮಾನಿಡಲು ಮಾತ್ರ ಬಳಸಬೇಕು, ಗೋಡೆಯಲ್ಲಿ ಪ್ರತಿ ಚದರ ಅಡಿ ಜಾಗಕ್ಕೆ ಒಂದು ಚದರ ಅಂಗುಲದಂತೆ ಕಿಂಡಿ ಬಿಡಬೇಕು ಎಂದಿದೆ. ನೀರು ಒಳಗೂ ಹೊರಗೂ ಸಮ ಏರಲಿ ಎಂದು. ಅಲ್ಲಿ ವಿಮೆ ಸಿಗುವುದಿಲ್ಲ ಎಂಬ ಹೆದರಿಕೆಗಾದರೂ ಕೆಲವರು ಪಾಲಿಸುತ್ತಾರೆ. ನಮ್ಮಲ್ಲಿ ಹೆದರಿಸುವವರು ಯಾರು?

ಕಂಬ ಬೇಡ, ಜಾಗವನ್ನೇ ಗರಸು ತುಂಬಿ ಆರಡಿ ಏರಿಸುತ್ತೇವೆ ಎನ್ನುವವರೂ ಇದ್ದಾರೆ. ದನಕ್ಕೆ ಅದು ಒಳ್ಳೆಯದು, ವೈನಿಯ ಮೊಣಕಾಲಿಗೂ ಒಳ್ಳೆಯದು. ಆದರೆ ನಾನು ಏರಿಸಿದ ಆರಡಿಯ ನೀರು ಪಕ್ಕದವನ ಅಂಗಳಕ್ಕೆ ತಿರುಗುತ್ತದೆ. ಪುಣೆಯಲ್ಲಿ ದುಡಿಯುವ ಮಗ ಇರುವವನು ಏರಿಸುತ್ತಾನೆ, ಇಲ್ಲದವನು ಮುಳುಗುತ್ತಾನೆ. ಮೊದಲು ದಿಬ್ಬವನ್ನು ಜಾತಿ ಹಂಚಿತ್ತು, ಈಗ ಮನಿಆರ್ಡರು ಹಂಚುತ್ತದೆ. ಮನಿಆರ್ಡರು ಅಂದದ್ದು ಹಳೆ ರೂಢಿ, ಈಗೆಲ್ಲ ಫೋನಿನಲ್ಲೇ ಹಣ ಹೋಗುತ್ತದೆ.

ಸರಕಾರದ ಉತ್ತರ ಊರನ್ನೇ ಸರಿಸುವುದು. 2009ರ ನೆರೆಯ ನಂತರ ದಾನಿಗಳನ್ನು ಕೂಡಿಸಿಕೊಂಡು 'ಆಸರೆ' ಎಂಬ ಹೆಸರಿನಲ್ಲಿ ಉತ್ತರ ಕರ್ನಾಟಕದಲ್ಲಿ ಹೊಸ ಊರುಗಳನ್ನು ಎತ್ತರದ ಜಾಗದಲ್ಲಿ ಕಟ್ಟಿದರು. ಉದ್ದೇಶದಲ್ಲಿ ಕುಂದಿಲ್ಲ. ಸಾಲಾಗಿ ಒಂದೇ ಅಚ್ಚಿನ ಮನೆಗಳು, ದನಕ್ಕೆ ಜಾಗವಿಲ್ಲ, ಬಣವೆಗೆ ಜಾಗವಿಲ್ಲ, ಹೊಲ ದೂರ. ಹಲವು ಕಡೆ ಜನ ಬೀಗ ಹಾಕಿ ಹಳೆ ಊರಿಗೇ ಮರಳಿದರು. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣೆಯ ನೀರು ಬಂದಾಗ ಆ ಹಳೆ ಊರುಗಳಲ್ಲಿ ಮತ್ತೆ ಜನ ಇದ್ದರು. 'ಮನಿ ಕೊಟ್ರೂ ಹೋಗಲಿಲ್ಲ' ಎಂದು ಅಧಿಕಾರಿಗಳು ಬೇಸರ ಮಾಡಿಕೊಂಡರು. ಆಸರೆಯ ಮನೆಗೂ ನಮ್ಮ ಹುಡುಗನ ಬಿಳಿ ಪೆಟ್ಟಿಗೆಗೂ ನೋಡಲು ಸಂಬಂಧವೇ ಇಲ್ಲ, ಒಂದು ಬಡವರದು, ಒಂದು ಶೋಕಿಯದು. ಆದರೆ ಎರಡರಲ್ಲೂ ರೈತನ ಮನೆ ಎಂದರೆ ನಾಲ್ಕು ಜನ ಮಲಗುವ ಕೋಣೆ ಎಂದೇ ಹಿಡಿದಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಈ ವಿಷಯದಲ್ಲಿ ನನಗೆ ಮೆಚ್ಚಿಗೆಯಾದ ಕೆಲಸ ಬಾಂಗ್ಲಾದೇಶದ ಮರೀನಾ ತಬಸ್ಸುಮ್ ಅವರ 'ಖುದಿ ಬಾರಿ'. ಪುಟ್ಟ ಮನೆ ಎಂದು ಅರ್ಥ. 2020ರಿಂದ ನದಿಯ ನಡುಗಡ್ಡೆಗಳ ಜನರಿಗಾಗಿ ರೂಪಿಸಿದ್ದು. ಬಿದಿರಿನ ಕಂಬ, ಉಕ್ಕಿನ ಕೀಲು, ಎರಡು ಅಂತಸ್ತು. ಕೆಳಗೆ ದಿನದ ಬದುಕು, ಮೇಲೆ ನಿದ್ದೆ. ನೀರು ಬಂದರೆ ಮೇಲಿನದೇ ಆಸರೆ. ದಂಡೆ ಕೊಚ್ಚಿದರೆ ಕೀಲು ಬಿಚ್ಚಿ ಬೇರೆ ಕಡೆ ಕಟ್ಟಿಕೊಳ್ಳಬಹುದು. 2025ರಲ್ಲಿ ಅದಕ್ಕೆ ಆಗಾ ಖಾನ್ ಪ್ರಶಸ್ತಿಯೂ ಬಂತು. ಪ್ರಶಸ್ತಿ ಬಂದದ್ದಕ್ಕಲ್ಲ ನನ್ನ ಮೆಚ್ಚಿಗೆ. ಆ ಮನೆ ಎಲ್ಲರನ್ನೂ ವರ್ಷವಿಡೀ ಅಟ್ಟದ ಮೇಲೆ ಕೂಡಿಹಾಕುವುದಿಲ್ಲ. ನೆಲದ ಮೇಲೆ ಬದುಕಿರಿ, ಬೇಕಾದ ಹತ್ತು ದಿನ ಮೇಲೆ ಬನ್ನಿ ಎನ್ನುತ್ತದೆ. ಅದರ ರೂಪ ನಮಗೆ ಬೇಡ, ಈ ಒಂದು ಮಾತು ಬೇಕು.

ಅಣ್ಣನ ಮನೆಗೆ ನಾನು ಹೇಳಿದ್ದು ಅದನ್ನೇ. ಮನೆ ನೆಲದ ಮೇಲೆಯೇ ಇರಲಿ, ಮೂರಡಿ ಕಟ್ಟಿಯ ಮೇಲೆ, ಬೀದಿಗೆ ಮುಖ ಮಾಡಿ. ಆದರೆ ಕೆಳಮನೆ ನೆನೆಯಲು ತಯಾರಿರಬೇಕು. ಹಾಸಿಗೆ ಶಹಾಬಾದ ಫರ್ಸಿ. ಗೋಡೆ ಎದೆಮಟ್ಟದವರೆಗೆ ಕಲ್ಲು, ಸಿಮೆಂಟಿನ ಗಾರೆ, ಒಳಗೆ ಪ್ಲೈವುಡ್ಡಿನ ಕಪಾಟು ಗಿಪಾಟು ಬೇಡ. ಎದುರುಬದುರು ಬಾಗಿಲು, ನೀರು ಬಂದರೆ ತೆರೆದಿಟ್ಟು ಹೋಗುವುದಕ್ಕೆ, ಇಳಿದ ಮೇಲೆ ಗೋಡನ್ನು ಸಲಿಕೆಯಲ್ಲಿ ಎಳೆದು ಹಾಕುವುದಕ್ಕೆ. ಕರೆಂಟಿನ ಮೀಟರು, ಬೋರ್ಡು ತಲೆಗಿಂತ ಮೇಲೆ. ಸಂಡಾಸಿನ ಗುಂಡಿಯ ಮುಚ್ಚಳ ಬಿಗಿಯಾಗಿ, ಗಾಳಿಕೊಳವೆ ಮಾಳಗಿಯವರೆಗೆ. ಇಲ್ಲದಿದ್ದರೆ ನೆರೆಯಲ್ಲಿ ಮೊದಲು ಬರುವ ನೀರು ಹೊಳೆಯದಾಗಿರುವುದಿಲ್ಲ, ತಿಳಿಯಿತಲ್ಲ. ಮೇಲೆ ಮಾಳಗಿಯ ಮೇಲೆ ಒಂದೇ ಒಂದು ಗಟ್ಟಿ ಕೋಣೆ. ಅದರಲ್ಲಿ ಜೋಳದ ಡಬ್ಬಿ, ಹೊಲದ ಕಾಗದ, ಕುಡಿಯುವ ನೀರಿನ ಟಾಕಿ, ಒಂದು ಒಲೆ. ಹತ್ತಲು ಹೊರಗಿನಿಂದ ನಾಲ್ಕಡಿ ಅಗಲದ ಮೆಟ್ಟಿಲು. ಕಬ್ಬಿಣದ ತಿಜೋರಿಯನ್ನು ಇಬ್ಬರು ಹಿಡಿದು ಒಯ್ಯುವಂತಿರಬೇಕು, ಹೊತ್ತು ತರಬೇಕಾದ ಮುದುಕರನ್ನೂ. ಹೊರಗಿನ ಮೆಟ್ಟಿಲಾದರೆ ಪಕ್ಕದ ಮನೆಯವರೂ ಹತ್ತಬಹುದು. ಹಾವುಗಳೂ ಹತ್ತುತ್ತವೆ, ಅದಕ್ಕೆ ಮೇಲಿನ ಬಾಗಿಲಿಗೆ ಹೊಸ್ತಿಲು ಎತ್ತರ ಇಡಿ ಎಂದೆ.

ಹುಡುಗನಿಗೆ ಇದು ಹಿಡಿಸಲಿಲ್ಲ. 'ಕಾಕಾ, ಇದು ಹಳೇ ಮನೀನ ಆತಲ್ಲ. ಇಷ್ಟು ವರ್ಷ ಪುಣೆದಾಗ ದುಡದು ಇದನ್ನ ಕಟ್ಸೂದಾ?' ಎಂದ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಊರು ಬಿಟ್ಟು ಬಂದವನಿಗೆ ಊರಲ್ಲಿ ಒಂದು ಮನೆ ಎಂದರೆ, ತಾನು ಹೋಗಿ ಹಾಳಾಗಲಿಲ್ಲ ಎಂದು ದಾರಿಯಿಂದಲೇ ಓದಿಕೊಳ್ಳುವಂತೆ ಬರೆದ ಬೋರ್ಡು. ಅದು ಎತ್ತರದಲ್ಲಿರಬೇಕು, ಬೆಳ್ಳಗಿರಬೇಕು. ಮೇಲಿನ ಕೋಣೆಗೆ ಬೇಕಾದರೆ ಬಿಳಿ ಬಣ್ಣ ಬಳಿ, ಮುಂದೆ ನಿನ್ನ ಬಾಲ್ಕನಿಯನ್ನೂ ಹಾಕು, ಗಾಜು ಮಾತ್ರ ಬೇಡ ಎಂದೆ. ಅಲ್ಲಿಗೆ ಅರ್ಧ ರಾಜಿಯಾಯಿತು.

ದನದ ಪ್ರಶ್ನೆಗೆ ಮಾತ್ರ ಈ ಮನೆಯಲ್ಲೂ ಉತ್ತರವಿಲ್ಲ. ಒಂದು ಮನೆಯ ನಕ್ಷೆಯಲ್ಲಿ ಅದಕ್ಕೆ ಉತ್ತರ ಇರಲು ಸಾಧ್ಯವೂ ಇಲ್ಲ. ಬಾಂಗ್ಲಾದ ಕರಾವಳಿಯಲ್ಲಿ ದನಕರುಗಳಿಗೆಂದೇ ಮಣ್ಣಿನ ದೊಡ್ಡ ದಿಬ್ಬಗಳನ್ನು ಕಟ್ಟಿದ್ದಾರೆ, ಕಿಲ್ಲಾ ಎನ್ನುತ್ತಾರೆ. ಬಿರುಗಾಳಿಯ ನೀರು ಬಂದರೆ ಊರ ದನವೆಲ್ಲ ಅಲ್ಲಿಗೆ. ನಮ್ಮಲ್ಲಿ ಪ್ರತಿ ಮನೆಯವನೂ ತನ್ನ ತನ್ನ ಜಾಗ ಏರಿಸಲು ಹೊಡೆಸುವ ಗರಸನ್ನು ಒಂದೇ ಕಡೆ ಹೊಡೆಸಿದರೆ, ಹೊಳೆಯ ದಾರಿ ತಪ್ಪಿಸಿ, ಇಳಿಜಾರು ಹದವಾಗಿ ಇಟ್ಟು, ಮೇಲೆ ಒಂದು ತಗಡಿನ ಮಾಡು, ಕಣಕಿ ಒಟ್ಟಲು ಕಟ್ಟಿ, ಒಂದು ಕೈಪಂಪು ಹಾಕಿದರೆ ಊರ ದನವೆಲ್ಲ ಹತ್ತು ದಿನ ನಿಲ್ಲಬಹುದು. ಕೇರಿಯಿಂದ ಅದಕ್ಕೆ ದಾರಿ ಮೊದಲು ಆಗಬೇಕು, ನೀರು ಮೊದಲು ಬರುವುದು ಅಲ್ಲಿಗೇ. ಲೆಕ್ಕ ಹಾಕಿ ಅಣ್ಣನ ಕೈಗೆ ಕೊಟ್ಟಿದ್ದೇನೆ. ಊರ ಮೇಲ್ದಿಕ್ಕಿಗೆ ಗಾಯರಾಣದ ಜಾಗ ಇದೆ, ಅದರಲ್ಲಿ ಅರ್ಧಕ್ಕೆ ಆಗಲೇ ಯಾರೋ ಬೇಲಿ ಹಾಕಿದ್ದಾರೆ. ಗ್ರಾಮಸಭೆಯಲ್ಲಿ ಎರಡು ಸಲ ಮಾತು ಬಂದಿದೆಯಂತೆ. ಮೂರನೆಯ ಸಲಕ್ಕೆ ಪುಣೆ ಮಂದಿಯೂ ಬರಬೇಕು, ರೊಕ್ಕ ನಿಮ್ಮ ಕಡೆಯೇ ಇರುವುದು ಎಂದು ಅಣ್ಣ ಹೇಳಿ ಕಳಿಸಿದ್ದಾನೆ. ಹಡಪಸರ, ಕಾತ್ರಜ ಕಡೆಯ ನಮ್ಮೂರ ಮನೆಗಳನ್ನು ಲೆಕ್ಕ ಹಾಕಿದೆವು, ನಲವತ್ತೊಂದು ಆದವು. ಒಂದೊಂದು ಮನೆಗೆ ಎರಡು ಟಿಪ್ಪರ್ ಗರಸು ಎಂದು ಸದ್ಯಕ್ಕೆ ಬರೆದಿಟ್ಟಿದ್ದೇವೆ.